ಭಾನುವಾರದ ಮನೆ

ಭಾನುವಾರ ಬೆಳಿಗ್ಗೆ ಹುಡುಗಿ ತಾನಾಗಿಯೇ ಎದ್ದು, ಹಾಸಿಗೆ ಸುತ್ತಿಟ್ಟು, ಮುಖ ತೊಳೆದು, ಹಣೆಗೆ ಮೂರೆಳೆ ವಿಭೂತಿ ಎಳೆದುಕೊಂಡು ಬಂದು ಅಡುಗೆಮನೆಯ ಹೊಸ್ತಿಲಿನಾಚೆ ಕೈಕಟ್ಟಿ ನಿಂತಿದ್ದನ್ನು ಕಂಡು ಶಿವಗಂಗಮ್ಮನಿಗೆ ಮೈಯೆಲ್ಲ ಉರಿಯಿತು. ಎಂಟು ವರ್ಷದ ಹುಡುಗಿ. ಈ ಕೈಕಟ್ಟುವುದನ್ನು ಕಲಿತದ್ದು ಸೋಮವಾರದ ಮನೆಯಲ್ಲಿರಬೇಕು. ರೈಸ್ ಮಿಲ್ಲಿನ ಶಾಂತಾದೇವಿಯ ಎದುರು ಹಮಾಲರೂ ಹೀಗೇ ನಿಲ್ಲುವುದು. ವಿಭೂತಿ ಗುರುವಾರದ ಮನೆಯದು. ಕಿವಿಯ ಹಿಂದೆ ಎಳೆದು ಕಟ್ಟಿದ ಎರಡು ಜಡೆ, ಹೇನು ಉಸಿರುಗಟ್ಟಿ ಸಾಯುವಷ್ಟು ಬಿಗಿ, ಅದು ಹೈಸ್ಕೂಲ್ ಮೇಷ್ಟರ ಹೆಂಡತಿ ರುದ್ರಾಣಿಯ ಶನಿವಾರದ ಕೈಚಳಕ. ಆರು ಮನೆಯವರು ಆರು ದಿನ ತಿದ್ದಿ ತೀಡಿ ಕಳಿಸಿದ ಮೇಲೆ ಏಳನೆಯ ದಿನ ತನಗೆ ಮಾಡಲು ಏನು ಉಳಿದಿದೆ ಎಂದುಕೊಳ್ಳುತ್ತ ಅವಳು ಹಂಚಿನ ಮೇಲಿನ ರೊಟ್ಟಿಗೆ ಬೇಕಾದ್ದಕ್ಕಿಂತ ಜೋರಾಗಿ ನೀರು ಸವರಿದಳು. "ಒಳಗೆ ಬಾರೆ ಉಡಚೀ. ಅಲ್ಲೇನು ಅಳತೆ ಕೊಡಾಕೆ ನಿಂತೀಯ?" ಎಂದಳು. "ಬರಬೌದೇನ್ರೀ ದೊಡ್ಡವ್ವಾರೆ?" ಎಂದಳು ಹುಡುಗಿ. ದೊಡ್ಡವ್ವಾರೆ! ಸತ್ತ ತಂಗಿಯ ಮಗಳು, ಒಂದೂವರೆ ವರ್ಷದಿಂದ ಇದೇ ಸೂರಿನಡಿ ಮಲಗಿ ಏಳುವವಳು, ಬಾಡಿಗೆಗೆ ಮನೆ ಕೇಳಲು ಬಂದವರ ಹಾಗೆ ಕೇಳುತ್ತಾಳೆ. ಉಂಡಳು ಕೂಡ ಹಾಗೇ. ಹಾಕಿದ ಒಂದು ರೊಟ್ಟಿಯನ್ನು ಚೂರೂ ಬೀಳಿಸದೆ ತಿಂದು, ಇನ್ನೊಂದು ಹಾಕಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕ್ರೀ, ಹೊಟ್ಟೆ ತುಂಬೈತ್ರೀ" ಎಂದಳು. ತಟ್ಟೆಯನ್ನು ತಾನೇ ತೊಳೆದು ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕಿದಳು.

ಪಡಸಾಲೆಯಲ್ಲಿ ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಗಂಡ ಮರುಳಪ್ಪ ಇದನ್ನೆಲ್ಲ ನೋಡಿ ತೃಪ್ತನಾದ. ಅಡಿಕೆ ಮಂಡಿಯಲ್ಲಿ ತೂಕ ನೋಡುವವನು. ತಕ್ಕಡಿ ಸಮನಾಗಿ ನಿಂತರೆ ಲೋಕದಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಂಬುವ ಗಂಡಸು. "ಎಷ್ಟು ಸುಧಾರಿಸ್ಯಾಳೆ ನೋಡು," ಎಂದ. ಆಮೇಲೆ, ನಿನ್ನೆಯಿಂದ ಹತ್ತು ಸಲ ಹೇಳಿದ್ದನ್ನು ಹನ್ನೊಂದನೆಯ ಸಲ ಹೇಳಿದ. ಶಾಂತಾದೇವಿಯ ಯಜಮಾನರು, ಮಿಲ್ಲಿನ ಪಂಚಾಕ್ಷರಪ್ಪನವರು, ಮಂಡಿಗೇ ಬಂದು ತಿಳಿಸಿದ್ದಾರೆ. ಇವತ್ತು ಮಧ್ಯಾಹ್ನ ಅವರ ಮನೆಯಲ್ಲಿ ಶರಣೆಯರ ಕೂಟದ ಸಭೆ. ಚನ್ನಗಿರಿಯಿಂದ ಹೆಣ್ಣುಮಕ್ಕಳು ಬರುತ್ತಾರೆ, ದಿನಕ್ಕೊಂದು ಮನೆಯಲ್ಲಿ ಈ ಹುಡುಗಿಗೆ ಊಟ ಹಾಕುವ ಏರ್ಪಾಟು ನೋಡಿಕೊಂಡು ಹೋಗಿ ತಮ್ಮ ಊರಲ್ಲೂ ಮಾಡುತ್ತಾರಂತೆ. ಅವರೆದುರಿಗೆ ಶಾಂತಾದೇವಿಯವರು ಉಳಿದಿರುವ ಭಾನುವಾರವನ್ನೂ ವಹಿಸಿಕೊಳ್ಳುತ್ತೇವೆಂದು ಹೇಳುತ್ತಾರಂತೆ. "ಹೂಂ ಅಂದುಬಿಡು. ನಿಂಗೂ ಪೂರ್ತಿ ಬಿಡುವು ಆಗ್ತೈತೆ. ಅಷ್ಟು ದೊಡ್ಡೋರು ತಾವಾಗಿ ಕೇಳ್ತಾರೆ ಅಂದ್ರೆ ಏನು ಕಡಿಮೆಯೇ?" ಶಿವಗಂಗಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಹೂಂ ಅಂದರೆ ಹುಡುಗಿ ಏಳೂ ದಿನ ಊರವರ ಮನೆಯಲ್ಲಿ ಉಂಡು ರಾತ್ರಿ ಮಲಗುವುದಕ್ಕೆ ಮಾತ್ರ ಇಲ್ಲಿಗೆ ಬರುತ್ತಾಳೆ. ಊಹೂಂ ಅಂದರೆ ಆರು ಮನೆಯವರಿಗೂ ಸಿಟ್ಟು ಬಂದು, ತಗೊಳ್ಳಿ ನಿಮ್ಮ ಹುಡುಗಿಯನ್ನು ನೀವೇ ಇಟ್ಟುಕೊಳ್ಳಿ ಎಂದಾರು. ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಅದು ಗೊತ್ತಾಗದಿದ್ದುದಕ್ಕೇ ತನ್ನ ಮೇಲೆ ಹೇಸಿಗೆಯಾಯಿತು.

ಹುಡುಗಿಯನ್ನು ಅವಳಪ್ಪ ಶಿವಮೂರ್ತಪ್ಪ ಬಿಳಿಚೋಡಿನಿಂದ ನ್ಯಾಮತಿಗೆ ಕರೆತಂದದ್ದು ಒಂದು ಕೈಚೀಲದ ಜೊತೆಗೆ. ಚೀಲದಲ್ಲಿ ಎರಡು ಲಂಗ, ಒಂದು ಸೇರು ಹುರಿಗಡಲೆ. ಹೆಂಡತಿ ಸತ್ತ ವರ್ಷದೊಳಗೆ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. "ಹೊಸಬಳು ಒಂದಿಷ್ಟು ಹೊಂದ್ಕಣೋ ತನಕ ಇರ್ಲಿ ಅಕ್ಕಾರೆ, ಆಮ್ಯಾಕೆ ನಾನೇ ಬಂದು ಕರ್ಕಂಡು ಹೋಗ್ತೀನಿ" ಎಂದು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಚಹಾ ಕುಡಿದು, ಬಂದ ಬಸ್ಸಿನಲ್ಲೇ ವಾಪಸು ಹೋದ. ಹೊಸಬಳು ಎಷ್ಟು ಚೆನ್ನಾಗಿ ಹೊಂದಿಕೊಂಡಳೆಂದರೆ ಅವನಿಗೆ ನ್ಯಾಮತಿಯ ದಾರಿಯೇ ಮರೆತುಹೋಯಿತು. ಗಂಡಸರು ಕಣ್ಣೊರೆಸಿಕೊಂಡರೆ ಸಾಕು, ಎಲ್ಲ ಮಾಫಿ. ಊರವರು ಬಂದರು, ನೋಡಿದರು, ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ನೀವು ದೇವರಂಥೋರು ಕಣ್ರೀ ಶಿವಗಂಗಮ್ನೋರೆ" ಎಂದು ಶಾಂತಾದೇವಿ ಬೀದಿಯಲ್ಲೇ ಅವಳ ಎರಡೂ ಕೈ ಹಿಡಿದುಕೊಂಡಳು. ದೇವರು ಅಂದುಬಿಟ್ಟರೆ ಎಷ್ಟು ಅನುಕೂಲ. ಕೈಮುಗಿದು ಮುಂದಕ್ಕೆ ಹೋಗಬಹುದು, ದೇವರಿಗೆ ಸೊಂಟ ನೋಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಈ ದೇವರಿಗೆ ಸೊಂಟ ನೋಯುತ್ತಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ, ಹೆತ್ತ ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟು ಕಳಿಸಿ ಇನ್ನು ಸಾಕಪ್ಪ ಎಂದು ಕೂತಿದ್ದವಳು, ದಿನಾ ಬೆಳಿಗ್ಗೆ ಉಚ್ಚೆ ಹೊಯ್ದ ಕೌದಿಯನ್ನು ಬಾವಿಕಟ್ಟೆಗೆ ಹೊತ್ತುಕೊಂಡು ಹೋಗುತ್ತಿದ್ದಳು. ಹುಡುಗಿ ರೊಟ್ಟಿ ಕದ್ದು ದಿಂಬಿನೊಳಗೆ ಇಡುತ್ತಿದ್ದಳು, ಇರುವೆ ಬಂದು ಇಡೀ ಕೋಣೆ ಕೆಂಪಾಗುತ್ತಿತ್ತು. ಇನ್ನೂ ಬೇಕೇನೇ ಎಂದು ಕೇಳಿದರೆ ತಟ್ಟೆಯನ್ನೇ ಎಸೆಯುತ್ತಿದ್ದಳು. "ನೀನು ನಮ್ಮವ್ವ ಅಲ್ಲ, ನೀನು ಹಡಬೆ" ಎಂದು ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದಳು. ಒಂದು ದಿನ ತಲೆ ಬಾಚುವಾಗ ಶಿವಗಂಗಮ್ಮನ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದಳು. ಶಿವಗಂಗಮ್ಮ ಬಾಚಣಿಗೆ ತಿರುವಿ ಬೆನ್ನ ಮೇಲೆ ಬಾರಿಸಿದಳು. ಆಮೇಲೆ ಇಬ್ಬರೂ ಗೋಡೆಗೆ ಒರಗಿ ಅತ್ತರು, ಮತ್ತು ಹುಡುಗಿ ತಾನೇ ಕಚ್ಚಿದ ಆ ಕೈಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿದ್ದೆ ಹೋದಳು. ಒಲೆಯ ಮೇಲೆ ಸಾರು ತಳಹಿಡಿದ ವಾಸನೆ ಬಂದರೂ ಶಿವಗಂಗಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

ಆ ವಾರವೇ ಅವಳು ಕೂಟದ ಸಭೆಯಲ್ಲಿ ಬಾಯಿಬಿಟ್ಟದ್ದು. ಭಜನೆ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುವಾಗ ರುದ್ರಾಣಿ ಅವಳ ಬಾತುಕೊಂಡ ಕೈ ನೋಡಿ ಏನ್ರೀ ಇದು ಎಂದಳು. ಶಿವಗಂಗಮ್ಮ ಸುಮ್ಮನಿರಬಹುದಾಗಿತ್ತು. "ನನ್ನ ಕೈಲಿ ಆಗ್ತಿಲ್ರೀ," ಎಂದುಬಿಟ್ಟಳು. "ಯಾರಾದ್ರೂ ಒಬ್ಬರು ಮಧ್ಯಾಹ್ನದ ಹೊತ್ತು ನಮ್ಮನೆಗೆ ಬಂದು ಒಂದು ತಾಸು ಇವಳ ಜೊತೆ ಕುಂತ್ಕಂಡ್ರೆ ನಾನು ಒಂದು ನಿದ್ದೆ ಮಾಡಿ ಏಳ್ತಿದ್ದೆ." ಅಷ್ಟೇ ಕೇಳಿದ್ದು. ಬಂದು ಕೂತುಕೊಳ್ಳಿ ಎಂದು. ಒಬ್ಬೊಬ್ಬರೂ ತಮ್ಮ ತಮ್ಮ ಸೆರಗು, ಬಳೆ, ನೆಲದ ಮೇಲಿನ ಅಡಿಕೆ ಚೂರು ನೋಡಿಕೊಂಡರು. ಉಚ್ಚೆ ವಾಸನೆಯ ಮನೆಗೆ ಹೋಗಿ ಕಚ್ಚುವ ಹುಡುಗಿಯ ಪಕ್ಕ ಕೂರುವುದು ಯಾವ ಶರಣೆಗೂ ಬೇಕಿರಲಿಲ್ಲ. ಶಾಂತಾದೇವಿ ದೊಡ್ಡ ಮನಸ್ಸಿನವಳು. ಅವಳಿಗೆ ಕೂಡಲೇ ದಾರಿ ಹೊಳೆಯಿತು. "ನಮ್ಮ ಯಜಮಾನ್ರು ದಾವಣಗೆರೇಲಿ ಓದುವಾಗ ವಾರಾನ್ನ ಉಂಡೇ ಮುಂದೆ ಬಂದಿದ್ದು. ಒಂದೊಂದು ದಿನ ಒಂದೊಂದು ಮನೆ. ಈ ಮಗೀಗೂ ಹಂಗೇ ಮಾಡಿದ್ರೆ ಹೆಂಗೆ? ಬೆಳಿಗ್ಗೆ ಬರ್ಲಿ, ಉಣ್ಲಿ, ನಮ್ಮನೇಲೇ ಇದ್ದು ಸಾಲಿಗೆ ಹೋಗಿ, ದೀಪ ಹಚ್ಚೋ ಹೊತ್ತಿಗೆ ನಿಮ್ಮನೆಗೆ ಬರ್ಲಿ." ಅದನ್ನು ಕೇಳಿ ಎಲ್ಲರ ಮುಖಕ್ಕೂ ರಕ್ತ ಬಂತು. ಹದಿನಾರು ವರ್ಷದ, ಮೀಸೆ ಮೂಡಿದ, ಹಳ್ಳಿಯಲ್ಲಿ ಅಪ್ಪ ಅವ್ವ ಇಬ್ಬರೂ ಗಟ್ಟಿಯಾಗಿದ್ದ ಹುಡುಗನೊಬ್ಬ ಪರೀಕ್ಷೆ ಪಾಸು ಮಾಡಲು ಉಂಡ ಊಟವನ್ನು ಅವ್ವ ಸತ್ತ ಏಳು ವರ್ಷದ ಹೆಣ್ಣುಮಗುವಿಗೆ ಅಳತೆ ಮಾಡಿ ಹೊಲಿದರು. ಯಾರಿಗೂ ಅದು ಎಡವಟ್ಟು ಅನ್ನಿಸಲಿಲ್ಲ. ಶಿವಗಂಗಮ್ಮನಿಗೂ ಅನ್ನಿಸಲಿಲ್ಲ. ನಿದ್ದೆ ಸಿಗುತ್ತದೆ ಎಂದಷ್ಟೇ ಅವಳ ತಲೆಯಲ್ಲಿತ್ತು.

ನಿದ್ದೆ ಸಿಕ್ಕಿತು. ಮೊದಲ ಸೋಮವಾರ ಹುಡುಗಿಯ ಕೈಗೆ ಚೀಲ ಕೊಟ್ಟು ಮಿಲ್ಲಿನ ಮನೆಯ ಬಾಗಿಲಲ್ಲಿ ಬಿಟ್ಟಾಗ, "ನಾ ಒಲ್ಲೆ, ನೀನೂ ಬಾ" ಎಂದು ಅವಳ ಸೀರೆ ಹಿಡಿದು ನೆಲಕ್ಕೆ ಬಿದ್ದವಳನ್ನು ಮಿಲ್ಲಿನ ಆಳು ಎತ್ತಿಕೊಂಡು ಹೋದ. ಶಿವಗಂಗಮ್ಮ ಹಿಂತಿರುಗಿ ನೋಡದೆ ಮನೆಗೆ ಬಂದು ಚಾಪೆ ಹಾಸಿ ಮಲಗಿದವಳು ಮಧ್ಯಾಹ್ನ ಇಳಿದ ಮೇಲೆ ಎದ್ದಳು. ಎಂಥ ನಿದ್ದೆ! ಅಂಥ ನಿದ್ದೆಗೆ ನಾಚಬೇಕೆಂದು ಅವಳಿಗೆ ಆಗ ತೋಚಲೇ ಇಲ್ಲ. ಮೈ ತುಂಬಿಕೊಂಡಳು. ಗಂಡನ ಜೊತೆ ಹೊನ್ನಾಳಿಯ ಟೆಂಟ್‌ಗೆ ಹೋಗಿ ಸಿನಿಮಾ ನೋಡಿದಳು, ಯಾರೋ ಯಾರನ್ನೋ ನೀರಿಗೆ ತಳ್ಳಿದ್ದಕ್ಕೆ ಹೊಟ್ಟೆ ಹಿಡಿದು ನಕ್ಕಳು, ಬಸ್ಸಿಳಿದು ಮನೆ ಬಾಗಿಲಿಗೆ ಬರುವವರೆಗೂ ಹುಡುಗಿಯನ್ನು ಒಂದು ಸಲವೂ ನೆನೆಯಲಿಲ್ಲ. ಬಾಗಿಲಲ್ಲಿ ಹುಡುಗಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಗಲೂ ಅವಳಿಗೆ ಮೊದಲು ಬಂದದ್ದು ಸಿಟ್ಟು, ಪಕ್ಕದ ಮನೆಗಾದರೂ ಹೋಗಬಾರದಿತ್ತೇ ಎಂದು. ಅಲ್ಲಿಂದ ಮುಂದೆ ಹಾಸಿಗೆ ಒಣಗಿಯೇ ಇರತೊಡಗಿತು. ಕಚ್ಚುವುದು ನಿಂತಿತು, ಕಿರುಚುವುದು ನಿಂತಿತು. ಆರೂ ಮನೆಯವರು ಒಬ್ಬರಾದ ಮೇಲೊಬ್ಬರು ಬೀದಿಯಲ್ಲಿ ಸಿಕ್ಕಾಗ ಅದರ ಶ್ರೇಯಸ್ಸನ್ನು ಹಂಚಿಕೊಂಡರು. "ನಮ್ಮನೇಲಿ ಒಂದಿನಾನೂ ಹಟ ಮಾಡಿಲ್ಲಪ್ಪ" ಎಂದು ರುದ್ರಾಣಿ ಶಿವಗಂಗಮ್ಮನ ಕೈಯ ಕಲೆ ನೋಡುತ್ತ ಹೇಳಿದಳು. ಬುಧವಾರದ ಮನೆಯವಳು ಅಡಿಕೆ ಸುಲಿಯುವ ಹೆಂಗಸರ ಸಾಲಿನಲ್ಲಿ ಹುಡುಗಿಯನ್ನು ಕೂರಿಸಿ, "ಕೈ ಎಷ್ಟು ಚುರುಕು ಅಂತೀರ! ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಮಗೀಗೆ" ಎಂದಳು. ಒಬ್ಬರ ಮನೆಯಲ್ಲಿ ಮೊಸರಿನ ಗಡಿಗೆ ಮುಟ್ಟಬಾರದು, ಇನ್ನೊಬ್ಬರ ಮನೆಯಲ್ಲಿ ಗಂಡಸರು ಎದ್ದ ಮೇಲೆ ಉಣ್ಣಬೇಕು, ಮತ್ತೊಬ್ಬರಲ್ಲಿ ಪೂಜೆಯ ಕೋಣೆಯ ಕಡೆ ಕಾಲು ಚಾಚಬಾರದು. ಹುಡುಗಿ ಎಲ್ಲವನ್ನೂ ಕಲಿತಳು. ಯಾವ ನಿಯಮ ಯಾವ ಮನೆಯದೆಂದು ತಪ್ಪಿದರೆ ಬೈಸಿಕೊಳ್ಳಬೇಕಲ್ಲ, ಅದಕ್ಕೇ ಎಲ್ಲವನ್ನೂ ಎಲ್ಲ ಕಡೆಯೂ ಪಾಲಿಸತೊಡಗಿದಳು. ಇದನ್ನು ಊರು ಸುಧಾರಣೆ ಎಂದು ಕರೆಯಿತು. ತಾನೂ ಹಾಗೇ ಕರೆದದ್ದನ್ನು ನೆನೆದರೆ ಶಿವಗಂಗಮ್ಮನಿಗೆ ಬಾಯಿ ಕಹಿಯಾಗುತ್ತದೆ.

ಮಧ್ಯಾಹ್ನ ಇಬ್ಬರೂ ಮಿಲ್ಲಿನ ಬೀದಿ ಹಿಡಿದು ಹೊರಟರು. ಎಮರ್ಜೆನ್ಸಿಯ ಕಾಲದಲ್ಲಿ ಬರೆಸಿದ್ದ ಸರ್ಕಾರಿ ಕಾರ್ಯಕ್ರಮದ ಇಪ್ಪತ್ತು ಅಂಶಗಳು ಗೋಡೆಯ ಮೇಲೆ ಹತ್ತೋ ಹನ್ನೆರಡೋ ಉಳಿದಿದ್ದವು, ಮಿಕ್ಕವನ್ನು ಮಳೆ ತೊಳೆದಿತ್ತು. ಹುಡುಗಿ ಒಂದು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಶಿವಗಂಗಮ್ಮ ನಿಂತರೆ ತಾನೂ ನಿಲ್ಲುತ್ತಿದ್ದಳು. ಇವಳು ಒಂದು ಸಲ ಹಟ ಮಾಡಬಾರದೇ, ಕಾಲು ನೋಯುತ್ತದೆ ಎನ್ನಬಾರದೇ, ಬತ್ತಾಸು ಕೊಡಿಸು ಎಂದು ಅಂಗಡಿಯ ಮುಂದೆ ಉರುಳಾಡಬಾರದೇ ಎಂದು ಅವಳಿಗೆ ಅನ್ನಿಸಿತು. ಅದರ ಬೆನ್ನಿಗೇ, ಹಾಗೆ ಮಾಡುತ್ತಿದ್ದಾಗ ನಾನೇ ಅಲ್ಲವೇ ಊರ ಮುಂದೆ ಅತ್ತವಳು ಎಂಬುದೂ ಬಂತು. ಪ್ರೀತಿಯೋ ಇದು, ಇಲ್ಲ, ನನ್ನ ವಸ್ತುವನ್ನು ಆ ಶಾಂತಾದೇವಿ ತನ್ನದೆಂದು ತೋರಿಸಿಕೊಳ್ಳುತ್ತಾಳಲ್ಲ ಎಂಬ ಹೊಟ್ಟೆಯುರಿಯೋ? ಹೊಟ್ಟೆಯುರಿಯೇ ಇರಲಿ, ಅದಾದರೂ ಇದೆಯಲ್ಲ ಎಂದುಕೊಂಡಳು. ಏನು ಹೇಳಬೇಕೆಂದು ಮಿಲ್ಲಿನ ಗೇಟು ದಾಟಿದರೂ ತೀರ್ಮಾನವಾಗಿರಲಿಲ್ಲ.

ಶಾಂತಾದೇವಿಯ ಪಡಸಾಲೆಯಲ್ಲಿ ಜಮಖಾನ ಹಾಸಿ, ಚನ್ನಗಿರಿಯಿಂದ ಅಂಬಾಸಿಡರ್ ಕಾರಿನಲ್ಲಿ ಬಂದಿದ್ದ ನಾಲ್ವರನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಬಂತು. ಹುಡುಗಿಯನ್ನು ಕುರ್ಚಿಗಳಿಗೆ ಕಾಣುವ ಹಾಗೆ ಮಧ್ಯದಲ್ಲಿ ನಿಲ್ಲಿಸಿದರು. ಶಿವಗಂಗಮ್ಮನಿಗೆ ಕಂಬದ ಪಕ್ಕ ಜಾಗ ಸಿಕ್ಕಿತು. ಶಾಂತಾದೇವಿ ಸೆರಗು ಹೊದ್ದು ಎದ್ದು ನಿಂತು ಮಾತಾಡಿದಳು: ಒಂದು ಮಗುವನ್ನು ಒಬ್ಬ ಹೆಂಗಸು ಸಾಕುವುದು ದೊಡ್ಡದಲ್ಲ, ಒಂದು ಊರು ಸಾಕುವುದು ದೊಡ್ಡದು, ಈ ಮಗುವಿಗೆ ಒಬ್ಬ ತಾಯಿ ಹೋದಳು, ಆರು ತಾಯಂದಿರು ಸಿಕ್ಕರು. ಚನ್ನಗಿರಿಯವರು ಕಣ್ಣೊರೆಸಿಕೊಂಡರು. ಖಾರದ ಮೆಣಸಿನಕಾಯಿ ತಿಂದ ಕಣ್ಣು. ನೀರು ಬರಲು ಅಷ್ಟೇ ಸಾಕು. ಶಾಂತಾದೇವಿ ತನ್ನ ಲೆಕ್ಕದಲ್ಲಿ ಏಳನೆಯವಳನ್ನು ಸೇರಿಸಿರಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ, ಅವಳಿಗೆ ನೆನಪೇ ಆಗಿರಲಿಲ್ಲ, ಅದು ಶಿವಗಂಗಮ್ಮನನ್ನು ಇನ್ನೂ ಸಣ್ಣವಳನ್ನಾಗಿ ಮಾಡಿತು. ಬಂದವರಲ್ಲಿ ದಪ್ಪ ಕನ್ನಡಕದವಳೊಬ್ಬಳು ಹುಡುಗಿಯ ಗಲ್ಲ ಹಿಡಿದು, "ಏನವ್ವಾ ನಿನ್ನೆಸ್ರು?" ಎಂದಳು.

"ಉಡಚಮ್ಮರೀ."

"ಯಾರ ಮನೇಲಿ ನಿನ್ನ ಚೆನ್ನಾಗಿ ನೋಡ್ಕಂತಾರೆ? ಹೆದರ್ಕಬ್ಯಾಡ, ಹೇಳು."

ನಗೆ ಹರಡಿತು. ಆರು ಮನೆಯ ಹೆಂಗಸರೂ ಮುಂದಕ್ಕೆ ಬಾಗಿದರು. ಹುಡುಗಿ ಕೈಕಟ್ಟಿ, ಸಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ ಹೇಳಿದಳು. "ಸೋಮವಾರ ಶಾಂತಾದೇವಿಯೋರು ಚೆನ್ನಾಗಿ ನೋಡ್ಕಂತಾರ್ರೀ. ಮಂಗಳವಾರದೋರು ಚೆನ್ನಾಗಿ ನೋಡ್ಕಂತಾರ್ರೀ. ಬುಧವಾರದೋರು ಚೆನ್ನಾಗಿ ನೋಡ್ಕಂತಾರ್ರೀ." ಶನಿವಾರದವರೆಗೂ ಒಂದೇ ತೂಕದಲ್ಲಿ ಹೇಳಿ, ಉಸಿರು ಎಳೆದುಕೊಂಡು, ಕಂಬದ ಕಡೆ ಒಂದು ಸಲ ನೋಡಿ, "ಭಾನುವಾರದೋರೂ ಚೆನ್ನಾಗಿ ನೋಡ್ಕಂತಾರ್ರೀ" ಎಂದಳು.

ಚಪ್ಪಾಳೆ ಬಿತ್ತು. ಎಷ್ಟು ಜಾಣೆ ನೋಡ್ರೀ, ಒಬ್ಬರನ್ನೂ ಬಿಡಲಿಲ್ಲ ಎಂದು ಯಾರೋ ಅಂದರು. ಭಾನುವಾರದವರು. ಶಿವಗಂಗಮ್ಮ ಆ ಮಾತನ್ನು ತನಗೇ ಇನ್ನೊಮ್ಮೆ ಹೇಳಿಕೊಂಡಳು. ಹುಡುಗಿ ಸುಳ್ಳು ಹೇಳಿರಲಿಲ್ಲ, ಸೇಡು ತೀರಿಸಿಕೊಂಡಿರಲಿಲ್ಲ, ಮರ್ಯಾದೆಗೆ ತನ್ನನ್ನೂ ಸೇರಿಸಿದ್ದಳು. ಊಟ ಹಾಕಿದವರನ್ನು ಹೊಗಳದೆ ಬಿಟ್ಟರೆ ಮುಂದಿನ ವಾರ ತಟ್ಟೆ ಸಿಗಲಿಕ್ಕಿಲ್ಲ ಎಂಬ ತಿಳಿವಳಿಕೆ ಎಂಟು ವರ್ಷದ ತಲೆಯಲ್ಲಿ ಕೂತಿತ್ತು. ಅಷ್ಟರಲ್ಲಿ ಶಾಂತಾದೇವಿ ಕೈಯೆತ್ತಿ ಚಪ್ಪಾಳೆ ನಿಲ್ಲಿಸಿ, "ಇನ್ನೊಂದು ಸಂತೋಷದ ಸುದ್ದಿ" ಎಂದಳು. "ಭಾನುವಾರ ಒಂದು ಉಳಿದಿತ್ತಲ್ಲ, ಅದನ್ನೂ ನಮ್ಮ ರುದ್ರಾಣಿಯೋರು ಒಪ್ಕಂಡಾರೆ. ಶಿವಗಂಗಮ್ನೋರಿಗೆ ಇನ್ನು ಪೂರ್ತಿ ಬಿಡುವು. ಏನ್ರೀ, ಖುಷಿನಾ?" ಎಲ್ಲರೂ ಕಂಬದ ಕಡೆ ತಿರುಗಿದರು. ಮೊದಲ ಬಾರಿಗೆ.

"ಬ್ಯಾಡ್ರೀ," ಎಂದಳು ಶಿವಗಂಗಮ್ಮ.

"ಏನಂದ್ರಿ?"

"ಭಾನುವಾರಾನೂ ಬ್ಯಾಡ, ಸೋಮವಾರಾನೂ ಬ್ಯಾಡ. ನಾಳೆಯಿಂದ ಅವಳು ಯಾರ ಮನೆಗೂ ಬರಲ್ಲ." ದನಿ ಇನ್ನೂ ಏರಿಸಿದಳು. "ನಾನು ಕೇಳಿದ್ದು ನೀವ್ಯಾರಾದ್ರೂ ನಮ್ಮನೆಗೆ ಬರ್ರಿ ಅಂತ. ನಮ್ಮ ಹುಡುಗೀನ ಕಳಿಸ್ತೀನಿ ಅಂತ ನಾ ಹೇಳಿರ್ಲಿಲ್ಲ. ಒಬ್ಬರಾದ್ರೂ ಬಂದ್ರೇನ್ರೀ? ಈ ಒಂದು ವರ್ಷದಾಗೆ ನಮ್ಮ ಮನೆ ಹೊಸ್ತಿಲು ತುಳಿದೋರು ಯಾರಿದೀರಿ, ಕೈ ಎತ್ರಿ ನೋಡಾನ."

ಯಾರೂ ಎತ್ತಲಿಲ್ಲ. ಕನ್ನಡಕದವಳು ಮಂಡಕ್ಕಿಯ ತಟ್ಟೆಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಇಟ್ಟಳು. "ಇಷ್ಟು ದಿನ ಉಣ್ಣಿಸಿದ್ದಕ್ಕೆ ಇದೇನ್ರೀ ನಮಗೆ ಮರ್ಯಾದೆ?" ಎಂದಳು ಶಾಂತಾದೇವಿ, ಅವಳ ಮುಖ ನಿಜವಾಗಿಯೂ ನೊಂದಿತ್ತು, ತಾನು ಮಾಡಿದ್ದು ಒಳ್ಳೆಯದೇ ಎಂದು ಅವಳು ಸಾಯುವವರೆಗೂ ನಂಬುವವಳು. "ನಾಳೆ ಮತ್ತೆ ಕಚ್ಚಿದ್ಲು, ಹೊಡೆದ್ಲು ಅಂತ ಅಳ್ಕಂತ ನಮ್ಮ ತಾವ ಬರಬ್ಯಾಡ್ರಿ" ಎಂದಳು ರುದ್ರಾಣಿ. "ಬರಲ್ಲ. ಕಚ್ಚಲಿ ಬಿಡ್ರಿ. ನನ್ನ ಕೈ, ನಮ್ಮ ಹುಡುಗಿ" ಎಂದು ಶಿವಗಂಗಮ್ಮ ಜಮಖಾನ ತುಳಿದುಕೊಂಡೇ ನಡೆದುಹೋಗಿ ಹುಡುಗಿಯ ರಟ್ಟೆ ಹಿಡಿದುಕೊಂಡು ಹೊರಗೆ ಬಂದಳು.

ಮಿಲ್ಲಿನ ಗೇಟು ದಾಟುವಾಗ ಅವಳಿಗೆ ಎದೆ ಹಗುರವಾಗಿ, ವಯಸ್ಸು ಹತ್ತು ವರ್ಷ ಇಳಿದ ಹಾಗಿತ್ತು. ಏನು ಮುಖ ಮಾಡಿದಳು ಆ ಶಾಂತಾದೇವಿ! ಕಾರಿನವರ ಎದುರಿಗೇ! ಮರುಳಪ್ಪ ಕೇಳಿದರೆ ಮಂಡಿಯಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ ಎಂದು ಗೋಳಾಡುತ್ತಾನೆ, ಗೋಳಾಡಲಿ. ಅವಳು ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ, ಆಗ ಹೇಳಲು ಮರೆತ ಇನ್ನೆರಡು ಮಾತುಗಳನ್ನು ಈಗ ಗಾಳಿಗೆ ಹೇಳುತ್ತ ನಡೆದಳು. ಹುಡುಗಿಗಾಗಿ ಊರನ್ನೇ ಎದುರು ಹಾಕಿಕೊಂಡೆ ಎಂಬ ಹೆಮ್ಮೆ ಅವಳಿಗೆ ತುಂಬ ರುಚಿಸಿತು. ಇದನ್ನು ಹುಡುಗಿ ಕಂಡಳಲ್ಲ, ಕಿವಿಯಾರೆ ಕೇಳಿದಳಲ್ಲ. ಈಗ ಏನಾದರೂ ಅಂದಾಳು, ಅಳಬಹುದು, ಸೊಂಟಕ್ಕೆ ಆತುಕೊಳ್ಳಬಹುದು, ಆತುಕೊಂಡರೆ ಬೀದಿಯಲ್ಲೇ ಎತ್ತಿಕೊಳ್ಳುವುದು, ಸೊಂಟ ಹಾಳಾಗಿ ಹೋಗಲಿ. ತಿರುಗಿ ನೋಡಿದಳು. ಹುಡುಗಿ ನಿಂತುಬಿಟ್ಟಿದ್ದಳು. ಮುಖ ಬಿಳುಚಿಕೊಂಡಿತ್ತು, ಎರಡು ಕೈಯೂ ಹೊಟ್ಟೆಯ ಮೇಲಿದ್ದವು.

"ಯಾಕೆ? ಏನಾತು?"

ಹುಡುಗಿ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬೈಸಿಕೊಳ್ಳಲು ಸಿದ್ಧಳಾದವಳ ಸಣ್ಣ ದನಿಯಲ್ಲಿ ಕೇಳಿದಳು.

"ಹಂಗಾದ್ರೆ ನಾಳೆ ನಾನು ಎಲ್ಲಿ ಉಣ್ಣಲಿರೀ?"

ಈಗಷ್ಟೇ ಊರಿಗೆಲ್ಲ ಉತ್ತರ ಕೊಟ್ಟು ಬಂದಿದ್ದ ಶಿವಗಂಗಮ್ಮ ಬಾಯಿ ತೆರೆದಳು. ನಮ್ಮನೇಲಿ ಕಣೇ ಎಂಬುದು ಇಷ್ಟೇ ಇಷ್ಟು ಮಾತು. ಅದನ್ನು ಹೇಳಿದರೂ ಹುಡುಗಿ ಕೈಕಟ್ಟಿ, ಆತ್ರೀ ಎನ್ನುತ್ತಾಳೆ, ನಂಬುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.